ಒಬ್ಬನ ಸಿಳ್ಳೆ

ಅಜ್ಜಿ ಮೂರನೆಯ ಸಲ ಮನೆಯಿಂದ ತಪ್ಪಿಸಿಕೊಂಡು ಹೋದಾಗ ಸಿಕ್ಕಿದ್ದು ಲಾರಿ ತೂಗುವ ಕಟ್ಟೆಯ ಮೇಲೆ. ಹಿಂದೆ ಮರಳಿನ ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಇತ್ತು. ಅಜ್ಜಿ ಅದಕ್ಕೆ ಬೆನ್ನು ಹಾಕಿ, ಕಾಲು ಚಾಚಿ ಕೂತು, ಮಡಿಲಲ್ಲಿದ್ದ ಬೆಣಚುಕಲ್ಲುಗಳನ್ನು ಕಾಳು ಆರಿಸುವ ಹಾಗೆ ಆರಿಸುತ್ತಿದ್ದಳು. "ಅಜ್ಜೀನೂ ಸೇರಿಸಿ ತೂಕ ಬರ್ಕೊಳ್ಳಲಾ?" ಎಂದು ಕಟ್ಟೆಯ ಗುಮಾಸ್ತ ನಗುತ್ತಿದ್ದಾಗ ಸೊಸೆ ಏದುಸಿರು ಬಿಡುತ್ತ ಬಂದಳು. ಕೋಳಿ ಫಾರ್ಮಿನ ಏಪ್ರನ್ನು ಇನ್ನೂ ಮೈಮೇಲೇ ಇತ್ತು.

ಸೊಸೆಗೆ ಫಾರ್ಮಿನಲ್ಲಿ ಮೊಟ್ಟೆ ನೋಡುವ ಕೆಲಸ. ಕತ್ತಲೆ ಕೋಣೆಯಲ್ಲಿ ಒಂದೊಂದೇ ಮೊಟ್ಟೆಯನ್ನು ಬಲ್ಬಿನ ಎದುರು ಹಿಡಿದು, ಒಳಗೆ ರಕ್ತದ ಚುಕ್ಕೆ ಇದೆಯೇ, ಚಿಪ್ಪಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯೇ ಎಂದು ನೋಡಿ ಬೇರೆ ಮಾಡಬೇಕು. ಅವಳ ಕಣ್ಣು ಚುರುಕು ಎಂದು ಮೇಸ್ತ್ರಿಯೇ ಹೇಳುತ್ತಿದ್ದ. ಅವತ್ತು ಮಾತ್ರ ಅವನು ಬೇರೆ ಮಾತು ಹೇಳಿದ. "ಇನ್ನೊಂದು ಸಲ ಪಾಳಿ ನಡುವೆ ಎದ್ದು ಹೋದ್ರೆ, ವಾಪಸ್ ಬರೋ ತೊಂದರೆ ತಗೋಬೇಡಮ್ಮ."

ಸಂಜೆ ಊಟಕ್ಕೆ ಕೂತಾಗ ಸೊಸೆ ಆ ಮಾತನ್ನು ಅನ್ನದ ಜೊತೆಗೇ ಬಡಿಸಿದಳು.

"ನಾಳೆಯಿಂದ ಹೊರಗಡೆ ಬೀಗ ಹಾಕ್ಕೊಂಡು ಹೋಗ್ತೀನಿ. ನನಗೆ ಬೇರೆ ದಾರಿ ಇಲ್ಲ."

"ಬೀಗ ಹಾಕೋಕೆ ಅವಳೇನು ಕಳ್ಳಿಯಾ?" ಅಜ್ಜ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಹಾಗಿದ್ರೆ ನೀವು ಮನೇಲಿ ಕೂತ್ಕೊಳ್ಳಿ ಮಾವ."

"ನಾನು ಮನೇಲಿ ಕೂತವನಲ್ಲ."

ಅದು ನಿಜವೇ. ನಲವತ್ತು ವರ್ಷ ಅವನು ಬೇರೆಯವರ ಕುರಿ ಕಾದವನು. ಮೇವು ಇದ್ದ ಕಡೆಗೆ ಹಿಂಡು, ಹಿಂಡು ಹೋದ ಕಡೆಗೆ ಅವನು. ಮನೆಗೆ ಬರುತ್ತಿದ್ದದ್ದು ತಿಂಗಳಿಗೊಮ್ಮೆ, ಬಟ್ಟೆ ಬದಲಿಸುವುದಕ್ಕೆ. ಮಂಡಿ ಸೋತ ಮೇಲೆ ಕುರಿ ಬಿಟ್ಟು ಮರದ ಡಿಪೊದಲ್ಲಿ ಹಗಲು ಕಾವಲಿಗೆ ಸೇರಿದ್ದ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ.

ಮಗನದು ಟಯರು ಅಂಗಡಿ. ಎಷ್ಟು ಸೋಪು ಉಜ್ಜಿದರೂ ಬೆರಳ ಸಂದಿಯ ಕಪ್ಪು ಹೋಗದು. ಅವನು ಅದೇ ಬೆರಳಿನಿಂದ ಅನ್ನ ಕಲಸುತ್ತ, "ಏನಾದ್ರೂ ಒಂದು ಮಾಡಿ. ದಿನಾ ಊಟದ ಹೊತ್ತಿಗೇ ಈ ಪುರಾಣ ಬೇಡ" ಎಂದ.

"ಯಾರ ಮನೆ ಊಟ ಇದು?" ಮೂಲೆಯಲ್ಲಿದ್ದ ಅಜ್ಜಿ ಕೇಳಿದಳು. "ಉಪ್ಪು ಕಮ್ಮಿ. ಹೇಳಿದ್ರೆ ಬೇಜಾರು ಮಾಡ್ಕೊಂಡಾರು."

ಹನ್ನೊಂದು ವರ್ಷದ ಮೊಮ್ಮಗಳಿಗೆ ಕಿಸಕ್ಕನೆ ನಗು ಬಂತು. ಅಮ್ಮನ ಮುಖ ನೋಡಿ ನುಂಗಿಕೊಂಡಳು.

ಅಜ್ಜ ಕೈ ತೊಳೆದು ಬಂದು ಗೋಡೆಗೊರಗಿ ಕೂತ. "ನಾಯಿ ತರ್ತೀನಿ."

"ಈಗಿರೋ ಬಾಯಿಗಳು ಸಾಲದಾ?" ಎಂದಳು ಸೊಸೆ.

"ಐನೂರು ಕುರೀನ ಎರಡು ನಾಯಿ ಕಾಯ್ತಿದ್ವು ಕಣಮ್ಮ. ಒಂದು ಮುದುಕೀನ ಒಂದು ನಾಯಿ ಕಾಯಲ್ವಾ?"

ಭಾನುವಾರ ಅವನು ಮೊಮ್ಮಗಳನ್ನು ಕರೆದುಕೊಂಡು ಹಳೆಯ ಜೊತೆಗಾರನೊಬ್ಬನ ಹಟ್ಟಿಗೆ ಹೋದ. ಜೊತೆಗಾರ ಹಿಂಡನ್ನೆಲ್ಲ ಮಾರಿದ್ದ. ಯಾರೂ ಕೊಳ್ಳದ ಒಂದು ಕುಂಟ ಕುರಿ, ಒಂದೇ ಸೂಲಿನ ಮೂರು ನಾಯಿ ಉಳಿದಿದ್ದವು. ಮೂರಕ್ಕೂ ಇನ್ನೂ ವರ್ಷ ತುಂಬಿರಲಿಲ್ಲ. ಹಿಂಡು ಹೋದ ಮೇಲೆ ಕೆಲಸವಿಲ್ಲದೆ ಬೇಲಿಯ ಉದ್ದಕ್ಕೂ ಸುಮ್ಮನೆ ಅಡ್ಡಾಡುತ್ತಿದ್ದವು.

ಅಜ್ಜ ಯಾವುದನ್ನೂ ಕರೆಯಲಿಲ್ಲ. ಬಾಯಿ ತೆಗೆಸಿ ಹಲ್ಲು ನೋಡಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ. ಬಿಳಿಯ ಕಾಲಿನ ನಾಯಿ ಬಂದು ಮೊಮ್ಮಗಳ ಕೈ ನೆಕ್ಕಿತು. ಎರಡನೆಯದು ದೂರದಲ್ಲೇ ನಿಂತು ಬೊಗಳಿ ಬೊಗಳಿ ಗಂಟಲು ಕಟ್ಟಿಸಿಕೊಂಡಿತು. ಕಂದು ಬಣ್ಣದ ಮೂರನೆಯದು ಸದ್ದಿಲ್ಲದೆ ಒಂದು ಸುತ್ತು ಬಂದು, ಕುಂಟ ಕುರಿಯ ಕಡೆ ಬೆನ್ನು ಮಾಡಿ ಇವರ ಕಡೆ ಮುಖ ಮಾಡಿ ಕೂತಿತು. ಎರಡು ಬೀಡಿ ಮುಗಿಯುವ ತನಕ ಅದು ಅಲ್ಲಾಡಲಿಲ್ಲ.

"ಇದು," ಎಂದ ಅಜ್ಜ.

"ಅದು ನಮ್ಮನ್ನ ಗುರಾಯಿಸ್ತಿದೆ. ಬಿಳಿ ಕಾಲಿಂದು ಎಷ್ಟು ಚೆನ್ನಾಗಿದೆ ಅಜ್ಜ, ನನ್ನ ಕೈ ನೆಕ್ತು!"

"ಕೈ ನೆಕ್ಕೋದು ಕೈಯಲ್ಲಿರೋದಕ್ಕೆ. ಬೆನ್ನು ಯಾರ ಕಡೆ ಮಾಡುತ್ತೆ ನೋಡು. ಅವರನ್ನ ಅದು ಕಾಯುತ್ತೆ."

ಮನೆಗೆ ತಂದ ದಿನವೇ ಅಜ್ಜ ಕಟ್ಟಳೆ ಮಾಡಿದ. ನಾಯಿಯನ್ನು ಅಜ್ಜಿಯ ಮಂಚದ ಕಾಲಿಗೆ ಕಟ್ಟಬೇಕು. ಅನ್ನ ಹಾಕುವುದು ಅಜ್ಜಿಯ ಕೈಯಿಂದಲೇ. ಬೇರೆ ಯಾರೂ ಮುಟ್ಟಬಾರದು, ಮುದ್ದು ಮಾಡಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಲೂಬಾರದು. ಕುರಿಮರಿಯ ಜೊತೆ ಮಲಗಿಸಿ ಬೆಳೆಸಿದ ನಾಯಿ ಮಾತ್ರ ಹಿಂಡು ಬಿಟ್ಟು ಹೋಗುವುದಿಲ್ಲ. ಹತ್ತು ಜನ ಮುದ್ದು ಮಾಡಿದ ನಾಯಿ ಹತ್ತು ಮನೆಯ ಬಾಗಿಲು ಕಾಯುತ್ತದೆ. ಅವನಿಗೆ ಗೊತ್ತಿದ್ದ ವಿದ್ಯೆ ಇದೊಂದೇ. ಅದನ್ನು ಅವನು ಚಾಚೂ ತಪ್ಪದೆ ಮಾಡಿದ.

ಅಜ್ಜಿ ನಾಯಿಯನ್ನು 'ಕೂಸೇ' ಎಂದು ಕರೆದಳು. ಅನ್ನ ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದಳು. ತನ್ನ ತಟ್ಟೆಯದನ್ನೂ ಅದರ ಮುಂದೆ ಸುರಿಯುತ್ತಿದ್ದಳು.

"ನಾನು ಬಾಣಂತಿ ಆಗಿದ್ದಾಗ ದಿನಕ್ಕೆ ಒಂದು ಸಲ ಅನ್ನ ಕೊಡೋಕೂ ಮರೀತಿದ್ರು," ಸೊಸೆ ಪಾತ್ರೆ ತೊಳೆಯುತ್ತ ಹೇಳಿದಳು, "ನಾಯಿಗೆ ದಿನಕ್ಕೆ ನಾಲ್ಕು ಸಲ ನೆನಪಾಗುತ್ತೆ."

ಮೊಮ್ಮಗಳು ಒಂದು ದಿನ ಶಾಲೆಯಿಂದ ಬಂದವಳೇ ಬ್ರೆಡ್ಡಿನ ತುಂಡು ಹಿಡಿದು ಮಂಚದ ಕೆಳಗೆ ನುಸುಳಿದ್ದಳು. ನಾಯಿಯ ಬಾಲ ನೆಲಕ್ಕೆ ಬಡಿಯುವ ಸದ್ದು ಕೇಳಿ ಅಜ್ಜ ಅವಳನ್ನು ಕಾಲು ಹಿಡಿದು ಹೊರಗೆಳೆದ. ಅವಳ ಬೆನ್ನಿಗೆ ಒಂದು ಬಿತ್ತು. ಮೊದಲ ಸಲ.

"ನಾಯಿ ತಂದಿದ್ದು ಮನೆಗಾ, ಅಜ್ಜಿಗಾ?" ಅವಳು ಅಳುತ್ತ ಕೇಳಿದಳು.

"ಅಜ್ಜಿಗೆ."

"ಹಾಗಾದ್ರೆ ನಂಗೆ ಬೇಡ ಹೋಗು." ಅಲ್ಲಿಂದ ಮುಂದೆ ಅವಳು ಅದರ ಹತ್ತಿರ ಸುಳಿಯಲಿಲ್ಲ.

ಐದನೆಯ ವಾರಕ್ಕೆ, ಅಲ್ಲಿಯ ತನಕ ಸೊಸೆ ಹಾಕುತ್ತಿದ್ದ ಹೊರಗಿನ ಬೀಗ ತೆಗೆಸಿ, ಅಜ್ಜ ಸರಪಳಿ ಬಿಚ್ಚಿದ. ಅವತ್ತು ಸೊಸೆಗೆ ರಜೆ. ಅಜ್ಜಿ ಮೊದಲಿನ ಹಾಗೆ ಗೇಟು ತಳ್ಳಿ ಬೀದಿಗೆ ಇಳಿದಳು. ನಾಯಿ ಹಿಂದೆ ಹೊರಟಿತು. ಬೀದಿಯ ಕೊನೆಯ ತನಕ ಸುಮ್ಮನೆ ಹೋಯಿತು. ದೊಡ್ಡ ರಸ್ತೆ ಕಂಡ ಕೂಡಲೇ ಮುಂದೆ ಬಂದು ಅಡ್ಡ ನಿಂತಿತು. ಅಜ್ಜಿ ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಕೊನೆಗೆ ಭುಜದಿಂದ ಅವಳ ಮಂಡಿಯನ್ನು ಮೆಲ್ಲಗೆ ಒತ್ತಿ ಒತ್ತಿ ತಿರುಗಿಸಿತು. "ಆಯ್ತು ಕೂಸೇ, ಆಯ್ತು, ಮನೆಗೇ ಹೋಗೋಣ" ಎಂದು ಅಜ್ಜಿ ವಾಪಸಾದಳು. ಬೆನ್ನ ಹಿಂದೆಯೇ ನೋಡುತ್ತ ಬಂದಿದ್ದ ಸೊಸೆ ಬೀದಿಯ ನಡುವೆ ನಿಂತು ಬಾಯಿಗೆ ಕೈ ಇಟ್ಟುಕೊಂಡಳು. ಆ ಸಂಜೆ ಫಾರ್ಮಿನಿಂದ ತಂದಿದ್ದ ಬಿರುಕು ಮೊಟ್ಟೆಗಳಲ್ಲಿ ಎರಡನ್ನು ಬೇಯಿಸಿ, ಅಜ್ಜಿಯ ಕೈಯಲ್ಲಿ ಕೊಟ್ಟು ನಾಯಿಗೆ ಹಾಕಿಸಿದಳು.

ಆಮೇಲೆ ಒಂದೂವರೆ ತಿಂಗಳು ಮನೆ ನಿರುಮ್ಮಳವಾಗಿತ್ತು. ಸೊಸೆ ಒಂದು ಪಾಳಿಯನ್ನೂ ತಪ್ಪಿಸಲಿಲ್ಲ. ಊಟದ ಹೊತ್ತಿನಲ್ಲಿ ಬೇರೆ ಮಾತುಗಳು ಬಂದವು.

ನಡುನಡುವೆ ನಾಯಿ ಹಲ್ಲು ತೋರಿಸುವುದು ಶುರುವಾಗಿತ್ತು. ಪಕ್ಕದ ಮನೆಯ ಟೈಲರ್ ಅಜ್ಜಿಯ ರವಿಕೆಯ ಅಳತೆ ತೆಗೆಯಲು ಬಂದಾಗ ಒಂದು ಸಲ. ಮಗ ಅವ್ವನನ್ನು ಸ್ನಾನಕ್ಕೆ ಎಬ್ಬಿಸುವಾಗ ಒಂದು ಸಲ. ಸಿಕ್ಕಾದ ತಲೆ ಬಾಚುವಾಗ ಅಜ್ಜಿ 'ಅಯ್ಯೋ' ಎಂದಿದ್ದಕ್ಕೆ ಸೊಸೆಯ ಮೊಣಕೈಯನ್ನೇ ಬಾಯಲ್ಲಿ ಹಿಡಿದು, ಕಚ್ಚದೆ, ಹಾಗೇ ನಿಂತುಬಿಟ್ಟಿತ್ತು. ಅಜ್ಜ ಬಚ್ಚಲಿನಿಂದಲೇ ನಾಲಿಗೆ ಮಡಚಿ, ನಾಯಿಗೆ ಕಲಿಸಿಟ್ಟಿದ್ದ ಒಂದು ಸಿಳ್ಳೆ ಹಾಕಿದ, ಮೊದಲು ಗಿಡ್ಡ, ಆಮೇಲೆ ಉದ್ದ. ನಾಯಿ ಬಾಯಿ ಬಿಟ್ಟು ಅವನ ಕಾಲ ಬಳಿ ಹೋಯಿತು.

"ಆ ಸಿಳ್ಳೆ ನನಗೂ ಹೇಳ್ಕೊಡಿ ಮಾವ," ಎಂದಳು ಸೊಸೆ. ಮೊಣಕೈಗೆ ಅಂಟಿದ್ದ ಜೊಲ್ಲನ್ನು ಸೆರಗಿನಿಂದ ಒರೆಸಿಕೊಂಡಳು.

"ನಿನಗ್ಯಾಕೆ?"

"ನೀವು ಇಲ್ಲದಾಗ ಬೇಕಾಗುತ್ತೆ."

"ಹಿಂಡಿಗೆ ಒಬ್ಬನೇ ಯಜಮಾನ. ಮನೆಮಂದಿಯೆಲ್ಲ ಸಿಳ್ಳೆ ಹಾಕಿದ್ರೆ ನಾಯಿ ಯಾರ ಮಾತು ಕೇಳಬೇಕು? ಆಮೇಲೆ ಯಾರದ್ದೂ ಕೇಳಲ್ಲ."

"ಇದು ಹಿಂಡಲ್ಲ, ಮನೆ."

"ನಾಯಿಗೆ ಅದು ಗೊತ್ತಾ?" ಎಂದು ಅಜ್ಜ ನಕ್ಕ. ತಾನು ಆರಿಸಿದ ನಾಯಿಯ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಡಿಪೊದಲ್ಲಿ ಲೋಡು ಹೇರುವವರಿಗೆಲ್ಲ ಅದರ ಕಥೆ ಹೇಳಿದ್ದ.

ಮಗ ಅಡ್ಡ ಬಾಯಿ ಹಾಕಲಿಲ್ಲ. "ಅಪ್ಪನಿಗೆ ಗೊತ್ತಿರೋ ವಿಷಯ, ಬಿಡು" ಎಂದು ಹೆಂಡತಿಗೇ ಹೇಳಿದ.

ಬಿಸಿಲು ಏರಿದ ಒಂದು ಬುಧವಾರ, ಹನ್ನೆರಡರ ಸುಮಾರಿಗೆ, ಟೈಲರಿಗೆ ಹಿತ್ತಲ ಕಡೆಯಿಂದ ನರಳಾಟ ಕೇಳಿಸಿತು. ಕಾಂಪೌಂಡಿನ ಮೇಲಿಂದ ಇಣುಕಿದ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅಜ್ಜಿ ಬಿದ್ದಿದ್ದಳು. ಒಂದು ಕಾಲು ಸೊಂಟದಿಂದ ಕೆಳಗೆ ಹೊರಕ್ಕೆ ಹೊರಳಿತ್ತು. ನಾಯಿ ಅವಳಿಗೆ ಬೆನ್ನು ಮಾಡಿ ನಿಂತಿತ್ತು.

ಟೈಲರ್ ಗೇಟಿನಿಂದ ಸುತ್ತಿ ಬಂದ. ಹತ್ತು ಹೆಜ್ಜೆ ದೂರದಲ್ಲಿದ್ದಾಗಲೇ ನಾಯಿಯ ಗಂಟಲಿನಿಂದ ಸದ್ದು ಹೊರಟಿತು. ಅವನು ಹಾಗೇ ಹಿಂದೆ ಸರಿದು ಮಗನಿಗೆ ಫೋನ್ ಮಾಡಿದ.

ಮಗ ಟಯರು ಬಿಚ್ಚುವ ಕಬ್ಬಿಣದ ಪಟ್ಟಿ ಹಿಡಿದೇ ಓಡಿ ಬಂದ. "ಹಚಾ! ಸರಿ ಆಚೆ!" ಎಂದು ಮುಂದೆ ನುಗ್ಗಿದವನ ಅಂಗೈಯನ್ನು ನಾಯಿ ಸೀಳಿತು. ಅವನು ಪಟ್ಟಿಯಿಂದ ಅದರ ಬೆನ್ನಿಗೆ ಎರಡು ಬಿಗಿದ. ನಾಯಿ ಕುಸಿಯಿತು, ಎದ್ದಿತು, ಅಲ್ಲೇ ನಿಂತಿತು. ಅಜ್ಜಿ ಅದರ ಹಿಂಗಾಲು ಹಿಡಿದುಕೊಂಡು ಕಿರುಚಿದಳು. "ಯಾರೋ ನೀನು! ನನ್ನ ಕೂಸನ್ನ ಹೊಡೀಬೇಡ್ವೋ!" ಮೂರನೆಯ ಏಟು ಬೀಸಿದರೆ ಅವ್ವನ ತಲೆಗೇ ಬೀಳುವಂತಿತ್ತು. ಎತ್ತಿದ ಕೈ ಇಳಿಯಿತು.

ಡಿಪೊಗೆ ಫೋನ್ ಹೋಯಿತು. ಅಜ್ಜ ಮರದ ನಾಟಾ ತುಂಬಿದ ಲಾರಿಯ ಜೊತೆ ಪಕ್ಕದ ಊರಿಗೆ ಹೋಗಿದ್ದ, ಸಂಜೆಗೆ ಬರುತ್ತಾನೆ ಎಂದರು. ಅವನ ಮೊಬೈಲು ಮನೆಯ ಮೊಳೆಗೆ ನೇತಾಡುತ್ತಿದ್ದ ಚೀಲದಲ್ಲಿಯೇ ರಿಂಗಾಯಿತು. ನಾಯಿ ಹಿಡಿಯುವವರು ನಾಳೆ ಬೆಳಿಗ್ಗೆ ಬರುತ್ತೇವೆ ಎಂದರು.

ಸೊಸೆಗೆ ಸುದ್ದಿ ಮುಟ್ಟಿದಾಗ ಅವಳ ಕೈಯಲ್ಲಿ ಮೊಟ್ಟೆಯಿತ್ತು. ಅದನ್ನು ಟ್ರೇಯಲ್ಲಿ ಇಟ್ಟು ಎದ್ದಳು. ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಅವನನ್ನು ದಾಟಿ ಹೊರಗೆ ಓಡಿದಳು.

ಅವಳು ಬರುವ ಹೊತ್ತಿಗೆ ಬಾಗಿಲಿನಷ್ಟು ಅಗಲದ ಹಲಗೆ ಅಡ್ಡ ಹಿಡಿದು ಇಬ್ಬರು ಗಂಡಸರು ನುಗ್ಗಿ ನೋಡಿಯಾಗಿತ್ತು. ನಾಯಿ ಹಲಗೆಯನ್ನು ಬಳಸಿ ಬಂದು ಒಬ್ಬನ ಮೀನಖಂಡ ಹಿಡಿದಿತ್ತು. ಅಜ್ಜಿಯ ಮೈಮೇಲೆ ನೇರ ಬಿಸಿಲು. "ನೀರು" ಎನ್ನುತ್ತಿದ್ದವಳು ಈಗ ತುಟಿ ಮಾತ್ರ ಅಲ್ಲಾಡಿಸುತ್ತಿದ್ದಳು. ಸೊಸೆ ಕಾಂಪೌಂಡು ಹತ್ತಿ, ಒದ್ದೆ ಟವೆಲುಗಳನ್ನು ಒಂದೊಂದಾಗಿ ಎಸೆದಳು. ಎರಡು ಅಜ್ಜಿಯ ಎದೆಯ ಮೇಲೆ ಬಿದ್ದವು. ಒಂದನ್ನು ನಾಯಿ ಬಾಯಲ್ಲಿ ಕಚ್ಚಿ ಪಕ್ಕಕ್ಕೆ ಎಳೆದು ಹಾಕಿತು.

ಸೊಸೆ ಬಾಯಿಗೆ ಬೆರಳಿಟ್ಟು ಸಿಳ್ಳೆ ಹಾಕಲು ನೋಡಿದಳು. ಉಗುಳು ಸಿಡಿಯಿತೇ ಹೊರತು ಸದ್ದು ಬರಲಿಲ್ಲ.

ಆ ಗಲಾಟೆಯ ನಡುವೆ ಶಾಲೆ ಬಿಟ್ಟು ಬಂದ ಮೊಮ್ಮಗಳು ದೊಡ್ಡವರ ಕಾಲುಗಳ ಸಂದಿಯಿಂದ ಒಳಗೆ ನುಸುಳಿದ್ದನ್ನು ಯಾರೂ ಗಮನಿಸಲಿಲ್ಲ. "ಅದಕ್ಕೆ ನನ್ನ ಗುರುತಿದೆ ಅಮ್ಮಾ" ಎಂದು ಅವಳು ಕೈ ಚಾಚಿಕೊಂಡೇ ಹೋದಳು. ಸೊಸೆ ಕೂಗುವಷ್ಟರಲ್ಲಿ ಹುಡುಗಿಯ ಮುಂಗೈ ನಾಯಿಯ ಬಾಯಲ್ಲಿತ್ತು.

ಅಜ್ಜ ಬಂದಾಗ ಐದು ಗಂಟೆ ದಾಟಿತ್ತು. ಬೀದಿಯಲ್ಲಿ ಜನ ದಾರಿ ಬಿಟ್ಟರು. ಅವನು ಗೇಟಿನಲ್ಲೇ ನಿಂತು ಸಿಳ್ಳೆ ಹಾಕಿದ, ಮೊದಲು ಗಿಡ್ಡ, ಆಮೇಲೆ ಉದ್ದ. ನಾಯಿ ಕುಂಟುತ್ತ ಎದ್ದು ಬಂತು. ಬೆನ್ನು ಬಾತಿತ್ತು. ಬಾಲ ಅಲ್ಲಾಡಿಸುತ್ತಿತ್ತು. ಕೆಲಸ ಒಪ್ಪಿಸುವ ಆಳಿನಂತೆ ಅವನ ಕಾಲ ಬಳಿ ಕೂತಿತು.

ಅದನ್ನು ನೋಡಿ ಸೊಸೆ ನೆಲಕ್ಕೆ ಕುಸಿದು ಬಾಯಿ ಬಡಿದುಕೊಂಡು ಅತ್ತಳು.

ಆಸ್ಪತ್ರೆಯಲ್ಲಿ ಡಾಕ್ಟರು, ಸೊಂಟದ ಮೂಳೆ ಮುರಿದಿದೆ, ಈ ವಯಸ್ಸಿಗೆ ಆಪರೇಷನ್ ಮಾಡಲಾರೆವು ಎಂದರು. ಅಷ್ಟು ಹೊತ್ತು ಬಿಸಿಲಲ್ಲಿ ನೀರಿಲ್ಲದೆ ಬಿದ್ದಿದ್ದಕ್ಕೆ ಮೂತ್ರಪಿಂಡವೂ ಸೋತಿದೆ. ಉಳಿದರೂ ಹಾಸಿಗೆಯೇ.

"ಇನ್ನು ತಪ್ಪಿಸ್ಕೊಂಡು ಹೋಗಲ್ಲ ಬಿಡಿ," ಎಂದ ಮಗ. ಅವನ ಅಂಗೈಗೆ ಪಟ್ಟಿ ಕಟ್ಟಿತ್ತು. ಮಗಳ ಮುಂಗೈಗೆ ಏಳು ಹೊಲಿಗೆ.

ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡಬೇಕು, ಹುಚ್ಚು ಇದೆಯೋ ಇಲ್ಲವೋ ಗೊತ್ತಾಗಬೇಕು ಎಂದಿದ್ದರಿಂದ ಅದು ಹಿತ್ತಲಲ್ಲಿ ಉಳಿಯಿತು. ಮಗ ದಿನಾ ಲೆಕ್ಕ ಹಾಕುತ್ತಿದ್ದ. "ಇವತ್ತಿಗೆ ನಾಲ್ಕು." "ಇವತ್ತಿಗೆ ಐದು."

"ಅದರದ್ದೇನು ತಪ್ಪೋ?" ಎಂದ ಅಜ್ಜ ಐದನೆಯ ದಿನ. "ಬಿದ್ದ ಕುರಿ ಹತ್ರ ಯಾರನ್ನೂ ಬಿಡಬಾರದು ಅಂತ ಕಲಿತ ನಾಯಿ ಅದು."

"ಸರಿ. ಹಾಗಿದ್ರೆ ತಪ್ಪು ಯಾರದ್ದು ಅಪ್ಪ? ಹೇಳು. ಅವ್ವಂದಾ? ನನ್ನ ಮಗಳದ್ದಾ?"

ಅಜ್ಜ ಎದ್ದು ಹಿತ್ತಲಿಗೆ ಹೋದ.

ಮರುದಿನ ಬೆಳಿಗ್ಗೆ ಅವನೇ ಮೂವರನ್ನೂ ಕರೆದ. "ಸಿಳ್ಳೆ ಕಲಿಸ್ತೀನಿ, ಬನ್ನಿ." ಮಗ ಬರಲಿಲ್ಲ. ಸೊಸೆ ಬಂದಳು, ಮುಂಗೈಗೆ ಪಟ್ಟಿ ಕಟ್ಟಿಕೊಂಡ ಮೊಮ್ಮಗಳು ಬಂದಳು. ನಾಲಿಗೆ ಹೇಗೆ ಮಡಚಬೇಕು, ಗಾಳಿ ಎಲ್ಲಿಂದ ಬಿಡಬೇಕು ಎಂದು ಅವನು ಬಾಯಿ ತೆರೆದು ತೋರಿಸಿದ. ಸೊಸೆಗೆ ಬರೀ ಗಾಳಿ. ಮೊಮ್ಮಗಳಿಗೆ ಮೂರನೆಯ ದಿನಕ್ಕೆ ಬಂತು, ಚೂರೂ ತಪ್ಪಿಲ್ಲದ ಸಿಳ್ಳೆ, ಗಿಡ್ಡ, ಉದ್ದ. ಅವಳು ಮತ್ತೆ ಮತ್ತೆ ಹಾಕಿದಳು. ನಾಯಿ ಕಿವಿಯನ್ನೂ ನಿಮಿರಿಸಲಿಲ್ಲ. ಅಜ್ಜಿ ಯಾವ ಬಾಗಿಲಿನಿಂದ ಬರುತ್ತಿದ್ದಳೋ ಆ ಬಾಗಿಲನ್ನೇ ನೋಡುತ್ತಿತ್ತು. ಅಜ್ಜ ಮೆಲ್ಲಗೆ ಒಂದು ಹಾಕಿದ. ಹಗ್ಗ ಬಿಗಿಯುವ ತನಕ ಓಡಿ ಬಂತು.

"ಇನ್ನೂ ಕಲಿಯುತ್ತೆ ಅಲ್ವಾ ಅಜ್ಜ? ಇನ್ನೊಂದು ತಿಂಗಳು?"

"ಇಲ್ಲ," ಎಂದ ಅಜ್ಜ.

"ನನಗೆ ನೋವಿಲ್ಲ ಅಜ್ಜ. ನಿಜವಾಗ್ಲೂ ಇಲ್ಲ. ಬೇಕಾದ್ರೆ ಒತ್ತಿ ನೋಡು."

ಸೊಸೆ ಅವಳನ್ನು ಒಳಗೆ ಎಳೆದುಕೊಂಡು ಹೋದಳು.

ಹತ್ತು ದಿನ ಕಳೆಯಿತು. ಹನ್ನೊಂದನೆಯ ದಿನ ಅಜ್ಜಿಯನ್ನು ಮನೆಗೆ ತರುವುದಿತ್ತು. ಅವಳನ್ನು ಹೊರಳಿಸಬೇಕು, ಬೆನ್ನಿನ ಹುಣ್ಣು ಒರೆಸಬೇಕು, ದಿನಕ್ಕೆ ಹತ್ತು ಸಲ ನೋಯಿಸಬೇಕು. ಅವಳ ಒಂದು 'ಅಯ್ಯೋ' ಹಿತ್ತಲಿಗೆ ಕೇಳಿದರೆ ಹಗ್ಗ ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹಟ್ಟಿಯ ಜೊತೆಗಾರನಿಗೆ ಕೇಳಿದರೆ, "ಮನುಷ್ಯರನ್ನ ಹಿಂಡು ಅಂದ್ಕೊಂಡ ನಾಯಿ ಇನ್ನು ಕುರಿ ಮುಖ ನೋಡಲ್ಲ. ನಿನಗೆ ನಾನು ಹೇಳಬೇಕೇನೋ?" ಎಂದಿದ್ದ.

ಅಜ್ಜ ಬೆಳಿಗ್ಗೆ ಬೇಗ ಎದ್ದು ಅದನ್ನು ದನದ ಆಸ್ಪತ್ರೆಗೆ ನಡೆಸಿಕೊಂಡು ಹೋದ. ಡಾಕ್ಟರು ಅದರ ಬೆನ್ನು ಮುಟ್ಟಿ ನೋಡಿದರು. "ಹುಚ್ಚಿಲ್ಲ. ಒಳ್ಳೇ ಜಾತಿ. ಏಟು ವಾಸಿಯಾಗುತ್ತೆ."

"ಮೂರು ಜನಕ್ಕೆ ಕಚ್ಚಿದೆ ಸ್ವಾಮಿ. ಅದರಲ್ಲಿ ಒಂದು ಮಗು."

"ಯಾಕೆ ಕಚ್ಚಿತು?"

"ನಾನೇ ಹಾಗೆ ಕಲಿಸಿದ್ದೆ," ಎಂದ ಅಜ್ಜ.

ಡಾಕ್ಟರು ಮತ್ತೆ ಏಳದ ಹಾಗೆ ಮಲಗಿಸುವ ಔಷಧಿಯನ್ನು ಸಿರಿಂಜಿಗೆ ತುಂಬಿದರು. ಸೂಜಿ ಚುಚ್ಚಲು ಯಾರಾದರೂ ಹಿಡಿದುಕೊಳ್ಳಬೇಕಿತ್ತು. ಹಿಡಿಯುವುದು ಬೇಕಾಗಲಿಲ್ಲ. ಅಜ್ಜ ಕೂರು ಎಂದ, ಅದು ಕೂತಿತು.

ಸೊಸೆ ಅದೇ ವಾರ ಫಾರ್ಮಿಗೆ ಹೋಗಿ ಬಂದಳು. ಕತ್ತಲೆ ಕೋಣೆಯಲ್ಲಿ ಅವಳ ಜಾಗಕ್ಕೆ ಬೇರೆ ಹೆಂಗಸು ಬಂದಿದ್ದಳು. ಶೆಡ್ಡಿನ ಗೊಬ್ಬರ ಎಳೆಯುವ ಕೆಲಸವಿದೆ, ಬರುವುದಾದರೆ ಸೋಮವಾರದಿಂದ ಬಾ ಎಂದ ಮೇಸ್ತ್ರಿ.

"ಹೋಗ್ತೀಯಾ?" ಎಂದ ಗಂಡ ಊಟದ ಹೊತ್ತಿನಲ್ಲಿ.

"ಹೋಗದೆ? ಅತ್ತೇನ ಯಾರು ನೋಡ್ಕೊಳ್ತಾರೆ ಅನ್ನೋದನ್ನ ನೀವು ಅಪ್ಪ ಮಗ ತೀರ್ಮಾನ ಮಾಡಿ. ಈ ಸಲ ನಾನು ಕೇಳಲ್ಲ."

ಅಜ್ಜ ತುತ್ತು ನುಂಗಿ ನೀರು ಕುಡಿದ. "ಡಿಪೊ ಬಿಟ್ಟೆ. ಹೇಳಿ ಬಂದಿದೀನಿ."

ಸೋಮವಾರ ಸೊಸೆ ಅವನಿಗೆ ಎಲ್ಲ ತೋರಿಸಿಕೊಟ್ಟಳು. ಹೇಗೆ ಹೊರಳಿಸುವುದು, ಹೊರಳಿಸುವಾಗ ಮಂಡಿಯ ಕೆಳಗೆ ದಿಂಬು ಹೇಗೆ ಕೊಡುವುದು, ಒದ್ದೆಯಾದ ಬಟ್ಟೆ ಎಲ್ಲಿ ನೆನೆಹಾಕುವುದು. ಅಜ್ಜ ಪ್ರತಿಯೊಂದಕ್ಕೂ ಹೂಂ ಎಂದ. ಅಜ್ಜಿ ಅವನನ್ನು ದಿಟ್ಟಿಸಿ ನೋಡುತ್ತಿದ್ದಳು.

"ಯಾರಮ್ಮ ಈ ಮನುಷ್ಯ?" ಸೊಸೆಯ ಕೈ ಹಿಡಿದು ಕೇಳಿದಳು. "ಇವನನ್ನ ಹೊರಗೆ ಕಳ್ಸು. ನನ್ನ ಮುಟ್ಟೋದು ಬೇಡ. ನನ್ನ ಕೂಸೆಲ್ಲಿ?"

ಸೊಸೆ ಮೆಲ್ಲಗೆ ಕೈ ಬಿಡಿಸಿಕೊಂಡಳು. ಬೀದಿಯಲ್ಲಿ ಫಾರ್ಮಿನ ವ್ಯಾನು ಹಾರ್ನ್ ಹೊಡೆಯಿತು.

"ಚಮಚ ತುಂಬ ಹಾಕಬೇಡಿ ಮಾವ. ಅರ್ಧ ಹಾಕಿ. ಬಾಯಿ ಬಿಡೋ ತನಕ ಕಾಯಿರಿ," ಎಂದಳು. ಹೋದಳು.

ಅಜ್ಜ ಗಂಜಿಯ ಬಟ್ಟಲು ಹಿಡಿದು ಮಂಚದ ಪಕ್ಕ ಕೂತ. ಅರ್ಧ ಚಮಚ ಹಿಡಿದ. ಅಜ್ಜಿ ತುಟಿ ಬಿಗಿದು ಗೋಡೆಯ ಕಡೆ ತಿರುಗಿದಳು. ಅವನು ಕಾದ. ಬಟ್ಟಲಿನ ಮೇಲೆ ಕೆನೆ ಕಟ್ಟಿತು. ಮತ್ತೆ ಹಿಡಿದ. ಅವಳು ತಿರುಗಲಿಲ್ಲ. ಗಂಜಿ ಆರಿ ಗಟ್ಟಿಯಾದ ಮೇಲೆ ಅವನು ಬಿಸಿ ಮಾಡೋಣವೆಂದು ಅಡುಗೆಮನೆಗೆ ಹೋದ. ಒಲೆಯ ಮೇಲೆ ಪಾತ್ರೆ ಇಟ್ಟ. ಕಟ್ಟೆಯ ಮೇಲೆ ನೋಡಿದ, ಡಬ್ಬಗಳ ಹಿಂದೆ ನೋಡಿದ, ಒಂದೊಂದೇ ಮುಚ್ಚಳ ತೆಗೆದು ನೋಡಿದ. ಎಲ್ಲಿ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಲೇ, ಬೆಂಕಿಪೊಟ್ಟಣ ಎಲ್ಲಿಟ್ಟಿದೀಯೇ?" ಎಂದು ಅಲ್ಲಿಂದಲೇ ಕೂಗಿದ.

"ಗೂಡಲ್ಲಿ," ಎಂದು ತಟ್ಟನೆ ಉತ್ತರ ಬಂತು. ದನಿ ಸ್ಪಷ್ಟವಾಗಿತ್ತು, ಸ್ವಲ್ಪ ಸಿಡುಕಿತ್ತು. "ಬಾಗಿಲ ಬಲಗಡೆ ಗೂಡಲ್ಲಿ. ಎಷ್ಟು ಸಲ ಹೇಳೋದು? ಕುರಿ ಹಿಂದೆ ಹೋದವರಿಗೆ ಮನೆ ಎಲ್ಲಿ ಗೊತ್ತಿರುತ್ತೆ!"

ಅಜ್ಜ ಬಾಗಿಲ ಬಲಗಡೆ ನೋಡಿದ. ಸುಣ್ಣ ಬಳಿದ ಗೋಡೆ ನೆಟ್ಟಗೆ ನಿಂತಿತ್ತು. ಗೂಡಿದ್ದ ಮನೆ ಬಿದ್ದು ಇಪ್ಪತ್ತು ವರ್ಷವಾಗಿತ್ತು. ಈ ಮನೆಯಲ್ಲಿ ಗೂಡೇ ಇರಲಿಲ್ಲ.

"ಸಿಕ್ತಾ?" ಒಳಗಿನಿಂದ ಅವಳು ಕೇಳಿದಳು.

"ಸಿಕ್ತು," ಎಂದು ಅವನು ಗೋಡೆಯ ಮುಂದೆ ನಿಂತೇ ಹೇಳಿದ. ಆಮೇಲೆ ಆರಿದ ಗಂಜಿಯನ್ನೇ ತೆಗೆದುಕೊಂಡು ಒಳಗೆ ಹೋದ.